ಎಳ್ಳುಂಡಿಯೊಳಗಿನ ಗುಳಿಗೆ

ನಾರ್‌ಕ್ರಾಸ್
ಜುಲೈ 24, 1996

ಸ್ಮಿತಾಗೆ, ನಿನ್ನ ಈರಣ್ಣ ಮಾಮಾ ಅಂಗಡಿಯ ತೊಗರಿಬೇಳೆ ಚೀಲದ ಮೇಲೆ ಕೂತು ಬರೆಯುವ ಕಾಗದ.

ನೀನು ಫೋನ್ ಮಾಡಿದ್ದು ಸಂತೋಷ. ಆದರೆ ಫೋನಿನಲ್ಲಿ ನನ್ನ ಮಾತು ಅರ್ಧ ಮುಗಿಯುವುದರೊಳಗೆ ನೀನು "ಓಕೆ ಮಾಮಾ" ಅಂದುಬಿಡುತ್ತೀ. ಕಾಗದಕ್ಕೆ ಹಾಗೆ ಅನ್ನಲು ಬರುವುದಿಲ್ಲ, ಪೂರಾ ಓದಬೇಕು.

ಇಲ್ಲಿ ಒಲಿಂಪಿಕ್ಸಿನ ಗದ್ದಲ. ಮೊನ್ನೆ ಯಾವುದೋ ದೇಶದ ಭಾರ ಎತ್ತುವವನೊಬ್ಬ ನಮ್ಮ ಅಂಗಡಿಗೆ ಬಂದು, ನಲವತ್ತು ಪೌಂಡಿನ ಅಕ್ಕಿ ಚೀಲ ಮೇಲಿನ ಹಲಗೆಯಿಂದ ಇಳಿಸಲಾರದೆ ನನ್ನನ್ನು ಕರೆದ. ಒಂದೇ ಕೈಯಲ್ಲಿ ಇಳಿಸಿ ಕೊಟ್ಟೆ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಈಗ ನಿನ್ನ ಅವ್ವನ ವಿಷಯ. ರೇಣುಕಾಳ ಎದೆಯ ಕವಾಟದ ಮೇಲೆ ಕ್ರಿಮಿ ಕೂತಿದೆ, ಎರಡು ತಿಂಗಳಿಂದ ಬಂದು ಹೋಗುವ ಜ್ವರಕ್ಕೆ ಅದೇ ಕಾರಣ, ಶಶಿ ಕಾಕಾ ಎದೆಗೆ ಕೊಳವೆ ಇಟ್ಟು ಕೇಳಿ ಹಿಡಿದರು ಅಂತ ಹೇಳಿದೆ. ನಾನು ಏಪ್ರಿಲಿನಲ್ಲೇ ಫೋನಿನಲ್ಲಿ ಅವಳ ದನಿ ಕೇಳಿ, "ತಂಗಿ, ನಿನ್ನ ಉಸಿರಿನ್ಯಾಗ ಏನೋ ತೊಡಕೈತಿ" ಅಂದಿದ್ದೆ. ಡಾಕ್ಟರ್ ಸಾಹೇಬರ ಕೊಳವೆ ಒಂದು ಮೊಳ ಉದ್ದ. ನನ್ನದು ಏಳುನೂರು ಮೈಲಿ.

ನಾಲ್ಕು ನಿಮಿಷದ ಫೋನಿನಲ್ಲಿ "ಶಶಿ ಕಾಕಾ" ಅನ್ನುವ ಮಾತು ಹನ್ನೊಂದು ಸಲ ಬಂತು. ನಾನು ಎಣಿಸಲಿಲ್ಲ, ನಿನ್ನ ಅತ್ತಿ ನೀಲಗಂಗಾ ಎಣಿಸಿದಳು. ನಿನ್ನ ಅಪ್ಪ ತೀರಿದ ಮೇಲೆ ರೇಣುಕಾ ಮೈದುನ ಶಶಿಕಾಂತನ ಮನೆಯಲ್ಲಿರುವುದು ನ್ಯಾಯವೇ. ಅವನ ಮನೆ ದೊಡ್ಡದು, ನಿನ್ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಆದರೆ ಅವಳಿಗೆ ಒಬ್ಬ ಅಣ್ಣನೂ ಇದ್ದಾನೆ. ಆ ಅಣ್ಣ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಊರ ದವಾಖಾನೆಯಲ್ಲಿ ಒಂಬತ್ತು ವರ್ಷ ಕಂಪೌಂಡರ್ ಆಗಿದ್ದ. ಎರಡು ಮದ್ದು ಕೂಡಿಸಿ ಕ್ರಿಮಿ ಕೊಲ್ಲುವುದೇ ನಿನ್ನ ಲ್ಯಾಬಿನ ಕೆಲಸವಂತೆ. ನಾನು ಗುಲಾಬಿ ನೀರು, ಹಳದಿ ನೀರು ಕೂಡಿಸಿ, ಬಾಟಲಿಗೆ ಡೋಸಿನ ಕಾಗದ ಕತ್ತರಿಸಿ ಅಂಟಿಸುತ್ತಿದ್ದಾಗ ನಿನ್ನ ಕಾಕಾ ಇನ್ನೂ ಚಡ್ಡಿ ಹಾಕುತ್ತಿದ್ದ.

ರೇಣುಕಾ ಸಣ್ಣವಳಿದ್ದಾಗ ಮಲೇರಿಯಾ ಬಂತು. ಕ್ವಿನೈನ್ ಕೊಟ್ಟರೆ ಅಪ್ಪನ ಧೋತರದ ಮೇಲೆ ಉಗುಳುತ್ತಿದ್ದಳು. ಆಗ ಅದನ್ನು ಎಳ್ಳುಂಡಿಯೊಳಗೆ ಅಡಗಿಸಿ ನುಂಗಿಸಿದವನು ಯಾರು ಅಂತ ಅವಳನ್ನೇ ಕೇಳು. ಕಾಕಾನನ್ನು ಕೇಳಬೇಡ.

ನಿನ್ನ ಮಾಮಾ,
ಈರಣ್ಣ


ಜರ್ಮನ್‌ಟೌನ್
ಆಗಸ್ಟ್ 3, 1996

ಪ್ರೀತಿಯ ಮಾಮಾ,

ಪೂರಾ ಓದಿದೆ. ಅವ್ವನಿಗೂ ಓದಿ ಹೇಳಿದೆ, ಧೋತರದ ಮಾತಿಗೆ ಕೆಮ್ಮು ಬರುವಷ್ಟು ನಕ್ಕಳು. ಅವಳು ಆಸ್ಪತ್ರೆಯಿಂದ ಎಲಿಕಾಟ್ ಸಿಟಿಯ ಮನೆಗೆ ಬಂದಿದ್ದಾಳೆ. ತೋಳಿಗೆ ಸಣ್ಣ ನಳಿಗೆ ಹಾಕಿದ್ದಾರೆ, ಅದರಲ್ಲೇ ದಿನಕ್ಕೆ ಹಲವು ಸಲ ಮದ್ದು ಹೋಗಬೇಕು, ಆರು ವಾರ. ನರ್ಸ್ ಬರುತ್ತಾಳೆ, ಅವಳು ಇಲ್ಲದಾಗ ಊರ್ಮಿಳಾ ಕಾಕು ಹಾಕುತ್ತಾರೆ. ನಾನು ಪ್ರತಿ ವೀಕೆಂಡ್ ಡ್ರೈವ್ ಮಾಡಿ ಹೋಗುತ್ತೇನೆ.

ಇದು ಹಟಮಾರಿ ಕ್ರಿಮಿ. ದೊಡ್ಡ ಮದ್ದು ಅಂತ ಎಲ್ಲರೂ ಕೊನೆಗೆ ಇಟ್ಟುಕೊಳ್ಳುವ ಮದ್ದಿಗೂ ಬಗ್ಗುವುದಿಲ್ಲ. ಉಳಿದಿರುವುದು ಒಂದೇ ಜೋಡಿ. ಪೆನ್ಸಿಲಿನ್ ಜಾತಿಯದು ಒಂದು, ಜೆಂಟಾಮೈಸಿನ್ ಇನ್ನೊಂದು. ಪೆನ್ಸಿಲಿನ್ ಒಂದೇ ಕೊಟ್ಟರೆ ಕ್ರಿಮಿ ಸುಮ್ಮನಾಗುತ್ತದೆ, ಸಾಯುವುದಿಲ್ಲ. ಜೆಂಟಾಮೈಸಿನ್ ಒಂದೇ ಕೊಟ್ಟರೆ ಒಳಗೇ ಹೋಗುವುದಿಲ್ಲ. ಎರಡನ್ನೂ ಕೊಟ್ಟರೆ ಮೊದಲನೆಯದು ಕ್ರಿಮಿಯ ಗೋಡೆಗೆ ಕನ್ನ ಕೊರೆಯುತ್ತದೆ, ಎರಡನೆಯದು ಅಲ್ಲಿಂದ ನುಗ್ಗಿ ಕೊಲ್ಲುತ್ತದೆ.

ನಮ್ಮ ಲ್ಯಾಬಿನಲ್ಲಿ ಇದನ್ನು ನೋಡುವುದು ತೊಂಬತ್ತಾರು ಗುಳಿ ಇರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ನೀವು ಆಡುತ್ತಿದ್ದ ಗುಳಿಮಣೆಯ ಹಾಗೆ. ಅಡ್ಡ ಸಾಲಿನಲ್ಲಿ ಒಂದು ಮದ್ದು, ಉದ್ದ ಸಾಲಿನಲ್ಲಿ ಇನ್ನೊಂದು, ಪ್ರತಿ ಗುಳಿಯಲ್ಲಿ ಬೇರೆ ಬೇರೆ ಅಳತೆ. ಕ್ರಿಮಿ ಬೆಳೆದ ಗುಳಿ ಮಬ್ಬಾಗುತ್ತದೆ, ಬೆಳೆಯದ ಗುಳಿ ತಿಳಿಯಾಗಿ ಉಳಿಯುತ್ತದೆ. ಅವ್ವನ ಕ್ರಿಮಿಯನ್ನೇ ಶಶಿ ಕಾಕಾ ಆಸ್ಪತ್ರೆಯಿಂದ ನಮ್ಮ ಲ್ಯಾಬಿಗೆ ಕಳಿಸಿದ್ದಾರೆ. ನಾನೇ ತಟ್ಟೆ ಹಾಕುತ್ತಿದ್ದೇನೆ.

ಇಲ್ಲಿ ಕಾಕಾ ಹೆಸರು ಮೂರೇ ಸಲ, ಇದೂ ಸೇರಿ. ಅತ್ತಿಗೆ ಎಣಿಸಲು ಹೇಳಿ.

ನಿಮ್ಮ ಸ್ಮಿತಾ

(ತಪ್ಪಿತು, ಎರಡೇ ಸಲ.)


ನಾರ್‌ಕ್ರಾಸ್
ಆಗಸ್ಟ್ 13, 1996

ತಂಗಿ ರೇಣುಕಾ, ಇದನ್ನು ನೀನೊಬ್ಬಳೇ ಓದು. ಓದಿ ಹರಿದು ಹಾಕು.

ಬರುವ ವಾರ ನಾಗರ ಪಂಚಮಿ. ನಿನ್ನನ್ನು ಕರೆಯಲು ಬಂಡಿ ಕಟ್ಟಿಕೊಂಡು ಬರಬೇಕಾದ ಅಣ್ಣ ಡಬ್ಬಿ ಪಾರ್ಸಲ್ ಮಾಡುತ್ತಿದ್ದಾನೆ. ಅರವತ್ತು ಎಳ್ಳುಂಡಿ ಇವೆ. ಎಳ್ಳು ಹುರಿದವಳು ನೀಲಗಂಗಾ, ಬೆಲ್ಲದ ಪಾಕ ತೆಗೆದವಳೂ ಅವಳೇ. ಕಟ್ಟಿದವನು ಮಾತ್ರ ನಾನು, ಬಾಗಿಲು ಹಾಕಿಕೊಂಡು. ಅವಳಿಗೂ ಗೊತ್ತಿಲ್ಲ.

ಯಾಕೆಂದರೆ ಪ್ರತಿ ಉಂಡಿಯ ಹೊಟ್ಟೆಯಲ್ಲೂ ಒಂದು ಗುಳಿಗೆ ಇದೆ. ಕೆಂಪು ಹಳದಿ ಟೋಪಿಯ ಟೆಟ್ರಾಸೈಕ್ಲಿನ್. ಹೋದ ಚಳಿಗಾಲ ಹುಬ್ಬಳ್ಳಿಯಿಂದ ಬರುವಾಗ ತಂದದ್ದು. ನಮ್ಮ ದವಾಖಾನೆಯಲ್ಲಿ ಇದರಿಂದ ಎಷ್ಟು ಜನ ಎದ್ದು ಕೂತರು ಅಂತ ನಿನಗೆ ಗೊತ್ತು. ಬೆಳಿಗ್ಗೆ ಒಂದು, ಸಂಜೆ ಒಂದು. ಉಂಡಿ ಮುರಿ, ಗುಳಿಗೆ ತೆಗೆದು ನೀರಿನ ಜೊತೆ ನುಂಗು, ಉಂಡಿ ತಿನ್ನು.

ಅವರು ಎರಡು ಮದ್ದು ಕೂಡಿಸಿ ದೊಡ್ಡ ಕೆಲಸ ಮಾಡಿದೆವು ಅನ್ನುತ್ತಿದ್ದಾರೆ. ಎರಡಕ್ಕೆ ಇಷ್ಟು ಆಗುವುದಾದರೆ ಮೂರಕ್ಕೆ ಎಷ್ಟು ಆಗಬೇಡ. ಶಶಿಕಾಂತನಿಗೆ ಈಗ ಹೇಳಬೇಡ. ನೀನು ಪೂರಾ ಎದ್ದು ಓಡಾಡುವ ದಿನ ನಾನೇ ಬಂದು, ಅವನ ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ಹೇಳುತ್ತೇನೆ. ಅವನ ಮುಖ ಹೇಗಾಗುತ್ತದೆ ನೋಡಬೇಕು.

ಡಬ್ಬಿಯ ಮೇಲೆ "ತವರಿನದು, ಯಾರೂ ಮುಟ್ಟಬಾರದು" ಅಂತ ದಪ್ಪಗೆ ಬರೆದಿದ್ದೇನೆ. ಯಾರಿಗೂ ಒಂದೂ ಕೊಡಬೇಡ.

ನಿನ್ನ ಅಣ್ಣ


ನಾರ್‌ಕ್ರಾಸ್
ಆಗಸ್ಟ್ 26, 1996

ಸ್ಮಿತಾಗೆ,

ನಾಲ್ಕು ದಿನದಿಂದ ಅವ್ವನಿಗೆ ಜ್ವರವಿಲ್ಲ ಅಂತ ನೀನು ಕಳಿಸಿದ ಕಾರ್ಡು ಬಂತು. ಮೇಲೆ ಹೂವಿನ ಚಿತ್ರ, ಒಳಗೆ "ಕಾಕಾ ತುಂಬಾ ಖುಷಿಯಾಗಿದ್ದಾರೆ". ಆಗಲಿ ಪಾಪ. ಯಾರ ಮದ್ದು ಹತ್ತಿತು ಅಂತ ಕಾಲ ಬಂದಾಗ ತಿಳಿಯುತ್ತದೆ. ನಾನು ಈಗ ಬಾಯಿ ಬಿಡುವುದಿಲ್ಲ. ದೊಡ್ಡವರು ಹಾಗೆಲ್ಲ ತಮ್ಮ ಕೆಲಸವನ್ನು ಸಾರಿಕೊಂಡು ತಿರುಗಬಾರದು.

ಅಂಗಡಿಗೆ ಬಂದವರಿಗೆಲ್ಲ ನೀನು ನನ್ನ ಸೋದರಸೊಸೆ ಅಂತ ಹೇಳುತ್ತೇನೆ. ನಿನ್ನ ತೊಂಬತ್ತಾರು ಗುಳಿಯ ಮಣೆಯನ್ನು ಮೊಟ್ಟೆಯ ಟ್ರೇ ಇಟ್ಟು ತೋರಿಸುತ್ತೇನೆ. ಮೊನ್ನೆ ಸೂರ್ಯನಾರಾಯಣ ಅಂತ ಒಬ್ಬ ಕಂಪ್ಯೂಟರಿನವನು, "ಹಾಗಾದ್ರೆ ಅವರ ಚಿಕ್ಕಪ್ಪ ಡಾಕ್ಟರ್ ಇದ್ದಾರಲ್ಲ, ಅವರು ಗೈಡ್ ಮಾಡ್ತಾರಾ?" ಅಂದ. ಅವನಿಗೆ ಆ ದಿನ ಹಳೆಯ ಕರಿಬೇವು ಕೊಟ್ಟು ಕಳಿಸಿದೆ.

ಮಾಮಾ


ಜರ್ಮನ್‌ಟೌನ್
ಸೆಪ್ಟೆಂಬರ್ 9, 1996

ಮಾಮಾ,

ಇದರಲ್ಲಿ ನಗುವ ಮಾತಿಲ್ಲ.

ಅವ್ವನಿಗೆ ಜ್ವರ ಮತ್ತೆ ಬಂದಿದೆ. ಒಂದು ವಾರವಾಯಿತು. ಐದು ವಾರ ಮದ್ದು ಹೋದರೂ ರಕ್ತದಲ್ಲಿ ಕ್ರಿಮಿ ಬೆಳೆಯುತ್ತಲೇ ಇದೆ. ಎದೆ ತೆರೆದು ಕವಾಟ ಬದಲಿಸಬೇಕು ಅಂತ ಸರ್ಜನ್ ಹೇಳಿದ್ದಾರೆ, ಹದಿನೆಂಟನೇ ತಾರೀಖು ಗೊತ್ತು ಮಾಡಿದ್ದಾರೆ. ಅವ್ವ ಈಗ ಎಂಬತ್ತೆಂಟು ಪೌಂಡ್. ಆ ಟೇಬಲ್ಲಿನಿಂದ ಎದ್ದು ಬರುತ್ತಾಳೋ ಇಲ್ಲವೋ ಅಂತ ನಾನು ಕೇಳಿದೆ. ಕಾಕಾ ಕಾರಿನ ಕೀ ಹುಡುಕತೊಡಗಿದರು. ಕೀ ಅವರ ಕೈಯಲ್ಲೇ ಇತ್ತು.

ನನಗೆ ತಿಳಿಯದೇ ಇರುವುದು ಒಂದೇ. ತಟ್ಟೆಯಲ್ಲಿ ಆ ಕ್ರಿಮಿ ಸಾಯುತ್ತಿದೆ ಮಾಮಾ. ಮೂರು ಸಲ ಹಾಕಿದೆ, ಮೂರು ಸಲವೂ ಜೋಡಿ ಮದ್ದಿನ ಗುಳಿಗಳು ನೀರಿನ ಹಾಗೆ ತಿಳಿ. ಅದೇ ಕ್ರಿಮಿ, ಅದೇ ಎರಡು ಮದ್ದು. ತಟ್ಟೆಯಲ್ಲಿ ಸಾಯುವುದು ಅವ್ವನ ಮೈಯಲ್ಲಿ ಯಾಕೆ ಸಾಯುತ್ತಿಲ್ಲ? ಅಲ್ಲಿ ಇರುವುದು, ಇಲ್ಲಿ ಇಲ್ಲದಿರುವುದು ಏನೋ ಒಂದು ಇದೆ.

ಯಾವ ಎರಡು ಮದ್ದು ಕೂಡಿಸಿದರೂ ಒಂದಕ್ಕೊಂದು ನೆರವಾಗುತ್ತವೆ ಅಂತಿಲ್ಲ. ಕೆಲವು ಒಂದನ್ನೊಂದು ಕೆಡಿಸುತ್ತವೆ. ಕ್ರಿಮಿ ಬೆಳೆಯುತ್ತಾ ಗೋಡೆ ಕಟ್ಟುವಾಗ ಮಾತ್ರ ಪೆನ್ಸಿಲಿನ್ ಅದನ್ನು ಕೆಡವಬಲ್ಲದು. ಕ್ರಿಮಿಯನ್ನು ಮಲಗಿಸಿಬಿಡುವ ಮದ್ದು ಏನಾದರೂ ಜೊತೆಗೆ ಸೇರಿದರೆ ಅದು ಗೋಡೆ ಕಟ್ಟುವುದನ್ನೇ ನಿಲ್ಲಿಸುತ್ತದೆ, ಪೆನ್ಸಿಲಿನ್ನಿಗೆ ಕೆಲಸವೇ ಇಲ್ಲ. ಬೇರೆ ಏನಾದರೂ ತಗೊಂಡೆಯಾ ಅಂತ ಅವ್ವನನ್ನು ಕೇಳಿದೆ. "ಅನ್ನ, ಸಾರು, ತವರಿನ ಉಂಡಿ" ಅಂದಳು. ಇನ್ನೊಮ್ಮೆ ಕೇಳಿದರೆ ಗೋಡೆಯ ಕಡೆ ತಿರುಗಿ ಮಲಗಿದಳು.

ಅವಳು ನನಗೆ ಹೇಳದೇ ಇರುವುದನ್ನು ನಿಮಗೆ ಹೇಳಿರಬಹುದು. ಏನಾದರೂ ಗೊತ್ತಿದ್ದರೆ ತಿಳಿಸಿ. ಈ ವಾರ ನಾನು ಮನೆಯಲ್ಲಿ ಸಿಗುವುದಿಲ್ಲ, ಅವ್ವನ ಹತ್ತಿರ ಇರುತ್ತೇನೆ.

ಸ್ಮಿತಾ


ನಾರ್‌ಕ್ರಾಸ್
ಸೆಪ್ಟೆಂಬರ್ 13, 1996
(ಫ್ಯಾಕ್ಸ್ ಮೂಲಕ)

ಬೀಗರಾದ ಡಾಕ್ಟರ್ ಶಶಿಕಾಂತ ಅವರಿಗೆ,

ಸ್ಮಿತಾಳ ಕಾಗದ ನಿನ್ನೆ ಮಧ್ಯಾಹ್ನ ಬಂತು. ನಿಮ್ಮ ಮನೆಗೆ ಫೋನ್ ಮಾಡಿದೆ. ಮಷೀನು ಎತ್ತಿತು. ಊರ್ಮಿಳಾ ಅವರ ಇಂಗ್ಲಿಷ್ ದನಿ, ಆಮೇಲೆ ಪೀಂ ಅಂತ ಶಬ್ದ. ಆ ಶಬ್ದಕ್ಕೆ ಹೇಳುವ ಮಾತಲ್ಲ ಇದು. ಇಟ್ಟುಬಿಟ್ಟೆ. ಇವತ್ತು ಬೆಳಿಗ್ಗೆ ಇದನ್ನು ಸ್ಮಿತಾಗೆ ಅಂತ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಪೋಸ್ಟ್ ಡಬ್ಬಿಯ ಮುಂದೆ ಎರಡು ಸಲ ಹೋಗಿ ಬಂದೆ. ಟಪಾಲು ಮುಟ್ಟಲು ಮೂರು ದಿನ ಬೇಕು. ಪಕ್ಕದ ಅಂಗಡಿಯಲ್ಲಿ ಫ್ಯಾಕ್ಸ್ ಇದೆ. ನನ್ನ ಹತ್ತಿರ ಇರುವ ನಂಬರು ನಿಮ್ಮ ಕ್ಲಿನಿಕ್ಕಿನದು ಒಂದೇ. ಅಲ್ಲಿ ಕನ್ನಡ ಓದುವವರು ನೀವೊಬ್ಬರೇ. ಹಾಗಾಗಿ ಇದು ನಿಮ್ಮ ಕೈಗೇ ಬರಬೇಕಾಯಿತು.

ಪಂಚಮಿಗೆ ಕಳಿಸಿದ ಎಳ್ಳುಂಡಿಯ ಡಬ್ಬಿ ತೆಗೆಯಿರಿ. ಪ್ರತಿ ಉಂಡಿಯೊಳಗೂ ಒಂದು ಟೆಟ್ರಾಸೈಕ್ಲಿನ್ ಗುಳಿಗೆ ಇದೆ. ಇನ್ನೂರೈವತ್ತು ಮಿಲಿಗ್ರಾಂ. ದಿನಕ್ಕೆ ಎರಡು ಅಂತ ಹೇಳಿದ್ದೆ, ಇಪ್ಪತ್ತೈದು ದಿನವಾಯಿತು. ಹತ್ತು ಹನ್ನೆರಡು ಉಳಿದಿರಬೇಕು. ಕೂಡಲೇ ನಿಲ್ಲಿಸಿ.

ನನ್ನ ತಂಗಿಯನ್ನು ಬೈಯಬೇಡಿ. ಅಣ್ಣ ಹೇಳಿದ ಅಂತ ನುಂಗಿದಳು. ಹೇಳಬೇಡ ಅಂದೆ ಅಂತ ಹೇಳಲಿಲ್ಲ.

ಕಂಪೌಂಡರ್ ಆಗಿದ್ದವನು, ಇಷ್ಟೂ ಗೊತ್ತಾಗಲಿಲ್ಲವೇ ಅಂತ ನೀವು ಕೇಳಬಹುದು. ಗೊತ್ತಿರಲಿಲ್ಲ. ನಾನು ಬಾಟಲಿ ತೊಳೆಯುತ್ತಿದ್ದೆ, ಚೀಟಿ ಅಂಟಿಸುತ್ತಿದ್ದೆ, ಡಾಕ್ಟರು ಹೇಳಿದ ಡಬ್ಬಿಯಿಂದ ಹೇಳಿದಷ್ಟು ಎಣಿಸಿ ಕೊಡುತ್ತಿದ್ದೆ. ಮದ್ದು ಕೂಡಿಸುತ್ತಿದ್ದವರು ಡಾಕ್ಟರು. ಇದನ್ನು ಈ ದೇಶದಲ್ಲಿ ಮೊದಲು ಹೇಳುತ್ತಿರುವುದು ನಿಮಗೆ.

ಅವಳು ನಿಮ್ಮ ಕೈಯಿಂದ ಉಳಿಯುವುದು ನನಗೆ ಬೇಡವಾಗಿತ್ತು. ನನ್ನ ಕೈಯಿಂದ ಉಳಿಯಬೇಕಾಗಿತ್ತು. ಈಗ ಯಾರ ಕೈಯಿಂದಾದರೂ ಸರಿ.

ಈರಣ್ಣ


ಎಲಿಕಾಟ್ ಸಿಟಿ
ಸೆಪ್ಟೆಂಬರ್ 15, 1996

ಈರಣ್ಣನವರೆ,

ಫ್ಯಾಕ್ಸ್ ಶುಕ್ರವಾರ ಸಂಜೆ ಸಿಕ್ಕಿತು. ಗುಳಿಗೆ ನಿಲ್ಲಿಸಿದ್ದೇವೆ. ಹನ್ನೊಂದು ಉಂಡಿ ಉಳಿದಿದ್ದವು. ಸರ್ಜನ್ ಜೊತೆ ಮಾತಾಡಿ ಹದಿನೆಂಟರ ತಾರೀಖನ್ನು ಹತ್ತು ದಿನ ಮುಂದಕ್ಕೆ ಹಾಕಿಸಿದ್ದೇನೆ. ಅದೇ ಜೋಡಿ ಮದ್ದನ್ನು ಮೊದಲ ದಿನದಿಂದ ಮತ್ತೆ ಎಣಿಸುತ್ತಿದ್ದೇವೆ. ಹತ್ತು ದಿನದೊಳಗೆ ರಕ್ತದಲ್ಲಿ ಬೆಳೆಯುವುದು ನಿಲ್ಲಬೇಕು. ನಿಲ್ಲದಿದ್ದರೆ ಆಪರೇಷನ್ನೇ ಗತಿ.

ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತು ಅಂತ ಬರೆಯುವುದಿಲ್ಲ. ಶುಕ್ರವಾರ ಬರೆದಿದ್ದರೆ ಬರೆಯುತ್ತಿದ್ದೆ.

ಆದರೆ ಇದೂ ನಿಮಗೆ ಗೊತ್ತಿರಲಿ. ಯಾವ ರೋಗಿ ಬಂದರೂ, ಬೇರೆ ಏನು ತಗೊಳ್ತೀರಿ, ಮನೆಯಿಂದ ಏನು ಬರುತ್ತದೆ ಅಂತ ಕೇಳುವುದು ನನ್ನ ಕೆಲಸ. ರೇಣುಕಾ ವೈನಿಯ ಮಂಚದ ಪಕ್ಕದಲ್ಲಿ ಆ ಡಬ್ಬಿ ಇಪ್ಪತ್ತೈದು ದಿನ ಇತ್ತು. ನಾನು ಕೇಳಲಿಲ್ಲ. ನಮ್ಮ ಅವ್ವ ಹೋದಾಗ ನನಗೆ ಒಂಬತ್ತು ವರ್ಷ, ಆಮೇಲೆ ನನಗೆ ತುತ್ತು ಹಾಕಿದವರು ವೈನಿ. ಪಂಚಮಿಯ ದಿನ ಡಬ್ಬಿಗೆ ಕೈ ಹಾಕಲು ಹೋದರೆ, "ಶಶಿ, ಇದು ತವರಿಂದು, ನಿನಗಲ್ಲ" ಅಂದು ಸೆರಗಿನಲ್ಲಿ ಮುಚ್ಚಿಕೊಂಡರು. ಒಂದು ಉಂಡಿ ಕೊಡಲಿಲ್ಲ. ಆ ದಿನದಿಂದ ನಾನು ಆ ಡಬ್ಬಿಯ ಕಡೆ ನೋಡುವುದನ್ನೇ ಬಿಟ್ಟೆ. ಐವತ್ತು ವರ್ಷದ ಡಾಕ್ಟರು ಒಂದು ಎಳ್ಳುಂಡಿಗೆ ಮುಖ ಊದಿಸಿಕೊಂಡಿದ್ದೆ ಅಂತ ಆಸ್ಪತ್ರೆಯ ಕಾಗದದಲ್ಲಿ ಬರೆಯಲು ಬರುವುದಿಲ್ಲ. ನಿಮಗೆ ಬರೆಯಬಹುದು.

ಶಶಿಕಾಂತ


ಜರ್ಮನ್‌ಟೌನ್
ಅಕ್ಟೋಬರ್ 27, 1996

ಮಾಮಾ,

ಆಪರೇಷನ್ ಬೇಡವಾಯಿತು ಅಂತ ಅವತ್ತು ಫೋನಿನಲ್ಲಿ ಹೇಳಿದಾಗ ನೀವು ಫೋನನ್ನು ಹಾಗೇ ಬೇಳೆ ಚೀಲದ ಮೇಲೆ ಇಟ್ಟು ಹೊರಗೆ ಹೋದಿರಂತೆ. ನಾನೇ "ಹಲೋ, ಹಲೋ" ಅನ್ನುತ್ತಿದ್ದೆ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಆರು ವಾರ ನಿನ್ನೆಗೆ ಮುಗಿಯಿತು. ತೋಳಿನ ನಳಿಗೆ ತೆಗೆದರು. ರಕ್ತ ಐದು ಸಲ ನೋಡಿದರು, ಐದು ಸಲವೂ ಏನೂ ಬೆಳೆಯಲಿಲ್ಲ. ಅವ್ವ ಮೆಟ್ಟಿಲು ಹತ್ತುತ್ತಾಳೆ, ಊರ್ಮಿಳಾ ಕಾಕುವಿನ ಸಾರಿಗೆ ಹೆಸರಿಡುತ್ತಾಳೆ.

ಒಂದು ಮಾತು ಮುಚ್ಚಿಟ್ಟರೆ ಮತ್ತೆ ಅದೇ ಕಥೆಯಾಗುತ್ತದೆ, ಅದಕ್ಕೆ ಹೇಳುತ್ತೇನೆ. ಜೆಂಟಾಮೈಸಿನ್ ಹೆಚ್ಚು ದಿನ ಹೋದರೆ ಕಿವಿಗೆ ಪೆಟ್ಟು. ಆರು ವಾರದಲ್ಲಿ ಮುಗಿಯಬೇಕಾದದ್ದು ಹನ್ನೆರಡು ವಾರವಾಯಿತು. ಅವ್ವನ ಬಲಗಿವಿಗೆ ಈಗ ಸರಿಯಾಗಿ ಕೇಳಿಸುವುದಿಲ್ಲ. ಅದು ಮರಳಿ ಬರುವುದಿಲ್ಲ.

ಇನ್ನೊಂದು. ಲ್ಯಾಬಿನಲ್ಲಿ ನಾನು ನಿಮ್ಮ ಗುಳಿಗೆಯನ್ನು ಮೂರನೆಯ ಮದ್ದಾಗಿ ತಟ್ಟೆಗೆ ಹಾಕಿ ನೋಡಿದೆ. ಗುಳಿಗಳು ತಿಳಿಯಾಗೇ ಉಳಿದವು, ಆದರೆ ಅವುಗಳ ಹನಿಯನ್ನು ಮದ್ದಿಲ್ಲದ ಹೊಸ ತಟ್ಟೆಗೆ ಹಾಕಿದರೆ ಎಲ್ಲ ಮಬ್ಬಾದವು, ಕ್ರಿಮಿ ಸತ್ತಿರಲಿಲ್ಲ, ಮಲಗಿತ್ತು. ಅದನ್ನು ನೋಡುತ್ತಾ ಲ್ಯಾಬಿನಲ್ಲೇ ಅತ್ತುಬಿಟ್ಟೆ. ಆಮೇಲೆ ನನ್ನ ಬಾಸ್ ಬದರಿನಾಥ ಅಂಕಲ್ ಕೇಳಿದರು, "ಉಂಡಿ ಯಾತರದ್ದು?" ಎಳ್ಳಿನದು ಅಂದೆ. ಅವರು ನಕ್ಕರು. ಎಳ್ಳಿನಲ್ಲಿ ಸುಣ್ಣದ ಅಂಶ ಬಹಳ. ಟೆಟ್ರಾಸೈಕ್ಲಿನ್ ಅದಕ್ಕೆ ಅಂಟಿಕೊಂಡರೆ ಮೈಗೆ ಸೇರದೆ ಹಾಗೇ ಹೊರಗೆ ಹೋಗುತ್ತದೆ. ಅಂದರೆ ಗುಳಿಗೆಯ ಹಿಂದೆಯೇ ಅವ್ವ ತಿಂದ ಉಂಡಿ ಗುಳಿಗೆಯ ಅರ್ಧ ಬಲವನ್ನಾದರೂ ತಿಂದುಹಾಕಿರಬೇಕು. ಬರಿಯ ಗುಳಿಗೆ ಕಳಿಸಿದ್ದರೆ ಅವ್ವ ಸೆಪ್ಟೆಂಬರ್ ತನಕ ಇರುತ್ತಿದ್ದಳೋ ಇಲ್ಲವೋ.

ಇದನ್ನು ಅಂಗಡಿಯಲ್ಲಿ ಹೇಗೆ ಹೇಳುತ್ತೀರೋ ನಿಮಗೇ ಬಿಟ್ಟದ್ದು.

ಸ್ಮಿತಾ


ನಾರ್‌ಕ್ರಾಸ್
ನವೆಂಬರ್ 5, 1996

ಸ್ಮಿತಾಗೆ,

ಅಂಗಡಿಯಲ್ಲಿ ಏನೂ ಹೇಳಿಲ್ಲ. ಸೂರ್ಯನಾರಾಯಣ ಬಂದು "ಅಂಕಲ್, ನಿಮ್ಮ ಸಿಸ್ಟರ್ ಹೇಗಿದ್ದಾರೆ?" ಅಂದ. ಅವಳ ಮೈದುನ ದೊಡ್ಡ ಡಾಕ್ಟರು, ಅವನು ಉಳಿಸಿದ ಅಂದೆ. ಬಾಯಿಗೆ ಬೇವಿನ ಎಲೆ ಹಾಕಿಕೊಂಡ ಹಾಗಾಯಿತು, ಆದರೆ ಅಂದೆ. ಅವನಿಗೆ ತಾಜಾ ಕರಿಬೇವೂ ಕೊಟ್ಟೆ.

ಉಂಡಿಯ ಮಾತು ನೀಲಗಂಗಾಗೆ ಮಾತ್ರ ಹೇಳಿದೆ. ಎಳ್ಳು ಹುರಿದವಳು ತಾನು, ಪಾಕ ತೆಗೆದವಳು ತಾನು, ಗುಳಿಗೆ ಇಟ್ಟವನು ನಾನು, ಹಾಗಾದರೆ ರೇಣುಕಾಳನ್ನು ಉಳಿಸಿದವಳು ತಾನೇ ಅಂತ ಲೆಕ್ಕ ಹಾಕಿ, ಮೂರು ದಿನದಿಂದ ಮನೆಯಲ್ಲಿ ತಲೆ ಎತ್ತಿ ನಡೆಯುತ್ತಿದ್ದಾಳೆ. ನನಗೆ ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ರೇಣುಕಾಳ ಬಲಗಿವಿಯ ವಿಷಯ ಓದಿದೆ. ಅದರ ಬಗ್ಗೆ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಎದ್ದು ಹೋಗಿ ಅಕ್ಕಿ ಚೀಲ ಜೋಡಿಸಿದೆ.

ದೀಪಾವಳಿಗೆ ಡಬ್ಬಿ ಕಳಿಸಿದ್ದೇನೆ. ಒಂದೇ ಡಬ್ಬಿ, ಹನ್ನೆರಡು ಉಂಡಿ. ಮೇಲೆ "ಶಶಿಕಾಂತನಿಗೆ, ಬೇರೆ ಯಾರೂ ಮುಟ್ಟಬಾರದು" ಅಂತ ಬರೆದಿದ್ದೇನೆ. ಹನ್ನೊಂದರಲ್ಲಿ ಎಳ್ಳು ಬೆಲ್ಲ ಬಿಟ್ಟು ಏನೂ ಇಲ್ಲ, ನಿನ್ನ ಅತ್ತಿ ಎದುರಿಗೆ ಕೂತು ಕಟ್ಟಿಸಿದ್ದಾಳೆ. ಅವಳು ನೀರು ಕುಡಿಯಲು ಎದ್ದಾಗ ಒಂದರೊಳಗೆ ಒಂದು ಲವಂಗ ಇಟ್ಟೆ. ಯಾವುದರೊಳಗೆ ಅಂತ ಹೇಳುವುದಿಲ್ಲ.

ಮಾಮಾ


ಎಲಿಕಾಟ್ ಸಿಟಿ
ನವೆಂಬರ್ 14, 1996

ಅಣ್ಣಾ,

ನಾನೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಬಲಗಿವಿಗೆ ಫೋನ್ ಹಿಡಿದರೆ ಸಮುದ್ರ ಕೇಳಿಸುತ್ತದೆ, ನೀನು ಕೇಳಿಸುವುದಿಲ್ಲ. ಎಡಗಿವಿಗೆ ಹಿಡಿದರೆ ನೀನು ಬೇಕಾದ್ದಕ್ಕಿಂತ ಹೆಚ್ಚು ಕೇಳಿಸುತ್ತೀ. ಕಾಗದವೇ ಬರೆ.

ಡಬ್ಬಿ ಬಂತು. ಶಶಿ ಕನ್ನಡಕ ಹಾಕಿಕೊಂಡು ಊಟದ ಟೇಬಲ್ಲಿನ ಮೇಲೆ ಪೇಪರ್ ಹಾಸಿ, ಒಂದೊಂದೇ ಉಂಡಿಯನ್ನು ಚಾಕುವಿನಿಂದ ಎರಡು ಹೋಳು ಮಾಡಿ ನೋಡಿದ. ನಾನು ಎದುರಿಗೇ ಕೂತಿದ್ದೆ. ಒಂಬತ್ತನೆಯದರಲ್ಲಿ ಲವಂಗ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಬಾಯಿಗೆ ಹಾಕಿಕೊಂಡ. ಉಳಿದ ಮೂರನ್ನೂ ಕೊಯ್ದು ನೋಡಿದ. ಆಮೇಲೆ ಪೇಪರಿನ ಮೇಲೆ ಬಿದ್ದ ಪುಡಿಯನ್ನೂ ಬಿಡದೆ ಡಬ್ಬಿಗೆ ತುಂಬಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಿನ್ನುತ್ತಾ ಕೂತ.

ನಾನು ಕೈ ಚಾಚಿದೆ. "ಇದು ನನ್ನದು, ವೈನಿ, ಹೆಸರು ಬರೆದೈತಿ" ಅಂದ.

ನನಗೆ ಒಂದು ಹೋಳೂ ಕೊಡಲಿಲ್ಲ ಅಣ್ಣಾ.

ನಿನ್ನ ತಂಗಿ,
ರೇಣುಕಾ